ಅಷ್ಟಮಿ ನೋಡಿ ಅಂಡಮಾನ್‌ಗೆ ಹೋದದ್ದು

ವಿಜಯಪುರದಿಂದ ಶ್ರೀ ವಿಜಯ ಪುರಂಗೆ ಹೋಗಿಬಂದೆ ಅಂದರೆ ನಮ್ಮ ಕಡೆ ಜನ ಒಂದು ಗಳಿಗೆ ಮುಖ ನೋಡ್ತಾರೆ, ಇವನಿಗೆ ಬಿಸಿಲು ಬಡಿದಿದೆ ಅನ್ನೋ ಹಾಗೆ. ಬಿಜಾಪುರ ಹೋಗಿ ವಿಜಯಪುರ ಬಂದದ್ದು 2014ರಲ್ಲಿ. ಅಂಡಮಾನ್‌ನ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆದದ್ದು 2024ರ ಸೆಪ್ಟೆಂಬರ್‌ನಲ್ಲಿ. ನಾವು ಮೊದಲ ಸಲ ಹೋದದ್ದು ಅದರ ಮರುತಿಂಗಳೇ. ಅಲ್ಲಿನ ಆಟೋದವರ ಬಾಯಲ್ಲಿ ಇನ್ನೂ ಹಳೆ ಹೆಸರೇ ಇತ್ತು. ನಮ್ಮ ಬಾಯಲ್ಲಿ ಬಿಜಾಪುರ ಹೋಗಿಲ್ಲ, ಅವರಿಗೆ ಏನು ಹೇಳೋದು? ಇಲ್ಲೂ ಪೋರ್ಟ್ ಬ್ಲೇರ್ ಅಂತಲೇ ಬರೀತೇನೆ.

ಹೋಗಿಬಂದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಯಾವ ತಿಂಗಳು ಚಲೋ?

ನೆಟ್‌ನಲ್ಲಿ ಹುಡುಕಿದರೆ "ಅಕ್ಟೋಬರ್‌ನಿಂದ ಮೇವರೆಗೆ" ಅಂತ ಸಿಗುತ್ತದೆ. ಎಂಟು ತಿಂಗಳು! ಬೀಜದ ಅಂಗಡಿಗೆ ಹೋಗಿ ಬಿತ್ತನೆ ಯಾವಾಗ ಅಂತ ಕೇಳಿದರೆ "ಜೂನ್‌ನಿಂದ ನವೆಂಬರ್‌ವರೆಗೆ ಯಾವಾಗ ಬೇಕಾದರೂ" ಅಂದ ಹಾಗಾಯ್ತು. ಮುಂಗಾರಿ ಹಿಂಗಾರಿ ಎರಡೂ ಅದರಲ್ಲೇ ಬಂತು, ಆದರೆ ಆ ಮಾತು ನಂಬಿ ಬಿತ್ತಿದವನ ಗತಿ ಏನು ಅಂತ ನಮ್ಮ ಕಡೆ ಯಾರನ್ನ ಕೇಳಿದರೂ ಹೇಳ್ತಾರೆ.

ನಾನು ಹಾಗೆ ನಂಬಿ ಹೋದವನು. ಅದಕ್ಕೇ ಇದನ್ನ ಬರೀತಿರೋದು.

ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟದ ಮನೆ. ತೋಟ ಅಣ್ಣನ ಕೈಯಲ್ಲಿದೆ, ನಾನು ಊರಲ್ಲಿ ನೌಕರಿ ಮಾಡಿಕೊಂಡು ಸುಗ್ಗಿಯಲ್ಲಿ ಮಾತ್ರ ಕೈ ಹಚ್ಚುವವನು. ದ್ರಾಕ್ಷಿ ಮನೆಯವರ ಕ್ಯಾಲೆಂಡರ್ ಬೇರೆಯೇ ಇರುತ್ತದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋದು, ಆಮೇಲೆ ಎಣ್ಣೆ, ಅಂದರೆ ರೋಗದ ಔಷಧ ಹೊಡೆಯೋದು, ಹೊಡೆದ ಮರುದಿನ ಮಳೆ ಬಂದರೆ ಮತ್ತೆ ಹೊಡೆಯೋದು. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ, ಅದನ್ನ ಬಿಟ್ಟು ಹೋಗುವ ಮಾತೇ ಇಲ್ಲ. ಫೆಬ್ರವರಿ ಮಾರ್ಚ್ ಹಣ್ಣು ಇಳಿಸೋದು, ಶೆಡ್‌ನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ ಒಣಗಿಸೋದು. ಏಪ್ರಿಲ್‌ನಲ್ಲಿ ಮತ್ತೆ ಚಾಟ್ನಿ. ಅಂಡಮಾನ್‌ನಲ್ಲಿ ಯಾವಾಗ ಸಮುದ್ರ ಚೆನ್ನಾಗಿರುತ್ತದೋ ಸರಿಯಾಗಿ ಆವಾಗಲೇ ನಮ್ಮ ಮನೆಯಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುವುದಿಲ್ಲ. ಇದರ ಮೇಲೆ ಮಕ್ಕಳ ಶಾಲೆ. ರಜೆ ಅಂದರೆ ದಸರಾ, ಇಲ್ಲ ಬೇಸಿಗೆ.

ಆ ವರ್ಷ ಅಣ್ಣ ಚಾಟ್ನಿಯನ್ನ ಸೆಪ್ಟೆಂಬರ್ ಕೊನೆಗೇ ಮುಗಿಸಿದ. ನಮ್ಮ ಗುರುತಿನ ಒಬ್ಬ ಟ್ರಾವೆಲ್ ಏಜೆಂಟ್ ಇದ್ದಾನೆ, ಅವನ ಹತ್ತಿರ ಹೋದೆ. "ಅಕ್ಟೋಬರ್ ಅಂದ್ರ ಸೀಜನ್ ಸುರು ಆಗಿರತೈತಿ ಸರ, ಜಾಲಿಬಾಯ್ ದ್ವೀಪ ಅಂತ ಐತ್ರಿ, ಗಾಜಿನ ತಳದ ಬೋಟ್‌ನ್ಯಾಗ ಹವಳ ತೋರಸ್ತಾರ, ಅದೂ ಪ್ಯಾಕೇಜ್‌ನ್ಯಾಗ ಹಾಕೀನಿ" ಅಂದ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವನಿಗೆ ಕೇಳಿಸಿದ್ದು ಜಾಲಿ ಬಾವಿ.

"ಜಾಲಿ ಬಾವಿ ನೋಡಾಕ ಅಷ್ಟ್ ದೂರ ಹೋಗ್ಬೇಕೇನೋ? ನಮ್ಮ ಹೊಲದಾಗ ಇರೂದೇನದು?"

ಹೌದು, ನಮ್ಮ ಹೊಲದಲ್ಲಿ ಒಂದು ಹಳೆ ಬಾವಿ ಇದೆ, ಸುತ್ತ ಜಾಲಿ ಬೆಳೆದಿದೆ. ನೀರಿಲ್ಲ ಅಷ್ಟೇ.

ಗೋಲಗುಮ್ಮಟ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನ. ಅಣ್ಣ ಬರಲಿಲ್ಲ. ಚಾಟ್ನಿ ಆದ ಮೇಲಿನ ವಾರಗಳಲ್ಲಿ ತೋಟ ಬಿಟ್ಟರೆ ಡೌನಿ ರೋಗ ಬಂದು ಕೂರುತ್ತದೆ. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಜೊತೆಗೆ ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಾರೆಳ್ಳು ಚಟ್ನಿ.

ಮೊದಲ ದಿನವೇ ಒಂದು ಪಾಠ. ಐದೂಕಾಲಿಗೆ ಸೂರ್ಯ ಮುಳುಗಿಬಿಟ್ಟ. ಮಧ್ಯಾಹ್ನ ಮಲಗಿ ಎದ್ದು ಚಹಾ ಕುಡಿದು ಹೊರಗೆ ಹೋಗೋಣ ಅಂದುಕೊಂಡಿದ್ದೆವು, ಬಾಗಿಲು ತೆಗೆದರೆ ಕತ್ತಲು. ಅಂಡಮಾನ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ, ಅಂದರೆ ಒಂದು ತಾಸಿನ ಮೇಲೆ ವ್ಯತ್ಯಾಸ, ಆದರೆ ಗಡಿಯಾರ ಒಂದೇ. ಯಾವ ತಿಂಗಳು ಹೋದರೂ ಅಲ್ಲಿ ದಿನ ಅಂದರೆ ಬೆಳಗ್ಗೆ. ಐದಕ್ಕೆ ಏಳದವರು ಅರ್ಧ ಅಂಡಮಾನ್ ಕಳೆದುಕೊಂಡ ಹಾಗೆ.

ಎರಡನೇ ದಿನ ರೊಟ್ಟಿ ಗಂಟು ಬಿಚ್ಚಿದೆವು. ಖಡಕ್ ರೊಟ್ಟಿ ನಮ್ಮ ಮನೆಯಲ್ಲಿ ತಿಂಗಳು ಇಟ್ಟರೂ ಮುರಿದರೆ ಟಪ್ ಅನ್ನುತ್ತದೆ. ಇಲ್ಲಿ ಮಗಳು ಒಂದು ರೊಟ್ಟಿ ಎತ್ತಿ ಮಡಚಿದಳು, ಅದು ಸುಮ್ನೆ ಮಡಚಿಕೊಂಡಿತು. ಒದ್ದೆ ಅಂಗವಸ್ತ್ರದ ಹಾಗೆ. ಅವಳು ಅದನ್ನ ಸುರುಳಿ ಸುತ್ತಿ ದೂರದರ್ಶಕ ಮಾಡಿ ಕಣ್ಣಿಗೆ ಹಿಡಿದು ಕಿಟಕಿಯ ಹೊರಗಿನ ಮಳೆ ನೋಡಿದಳು. ಹವಾಮಾನ ಇಲಾಖೆಯ ಯಾವ ಅಂಕಿಗಿಂತ ಆ ರೊಟ್ಟಿಯೇ ನನಗೆ ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಸರಿಯಾಗಿ ಹೇಳಿತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅಲ್ಲಿ 3,000 ಹತ್ತಿರ. ಐದು ಪಟ್ಟು.

ಮೂರನೇ ದಿನ ವಂಡೂರ್. ಪೋರ್ಟ್ ಬ್ಲೇರ್‌ನಿಂದ ಮೂವತ್ತು ಕಿಲೋಮೀಟರ್ ಒಳಗೆ. ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಶುರುವಾಗುವುದು ಅಲ್ಲಿಂದ. 1983ರಲ್ಲಿ ಆದದ್ದು. ಹದಿನೈದು ದ್ವೀಪ, ನಡುವಿನ ಸಮುದ್ರ ಎಲ್ಲ ಸೇರಿ 281 ಚದರ ಕಿಲೋಮೀಟರ್ ಮೇಲೆ.

ದಾರಿಯಲ್ಲಿ ಸಿಪ್ಪಿಘಾಟ್ ಅಂತ ಒಂದು ಜಾಗ ಬರುತ್ತದೆ. ರಸ್ತೆಯ ಪಕ್ಕ ನೀರು ನಿಂತಿದೆ, ನೀರಿನ ನಡುವೆ ಒಣ ಮರಗಳು. ನೋಡಿದರೆ ಕೆರೆಯ ಹಾಗೆ. ನನ್ನ ಹೆಂಡತಿ ಕಿಟಕಿಯಿಂದ ನೋಡುತ್ತಾ ಕೂತಿದ್ದವಳು "ಇದು ಮುಳುಗಡೆ ಆಗೇತ್ರಿ" ಅಂದಳು. ಅವಳ ತವರು ಬಾಗಲಕೋಟೆ ಕಡೆ, ಆಲಮಟ್ಟಿ ಹಿನ್ನೀರಿಗೆ ಹೋದ ಊರು. ಡ್ರೈವರ್‌ನನ್ನ ಕೇಳಿದೆ. ಅವಳು ಹೇಳಿದ್ದೇ ಸರಿ. 2004ರ ಡಿಸೆಂಬರ್ 26ರ ಭೂಕಂಪಕ್ಕೆ ದಕ್ಷಿಣ ಅಂಡಮಾನ್‌ನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು, ಭತ್ತದ ಗದ್ದೆಗೆ ಸಮುದ್ರ ನುಗ್ಗಿತು, ಮತ್ತೆ ಇಳಿಯಲೇ ಇಲ್ಲ. ನಾನು ಅದನ್ನ ಕೆರೆ ಅಂದುಕೊಂಡು ಫೋಟೋ ತೆಗೆದಿದ್ದೆ. ಅವಳಿಗೆ ನೋಡಿದ ಕೂಡಲೇ ಗೊತ್ತಾಯ್ತು.

ವಂಡೂರ್ ಜೆಟ್ಟಿಯಲ್ಲಿ ಪ್ಯಾಕೇಜ್ ಕಾಗದ ತೋರಿಸಿದೆ. ಕೌಂಟರ್‌ನಲ್ಲಿದ್ದವರು ಬಹಳ ಸಮಾಧಾನದಿಂದ ಹೇಳಿದರು, ಜಾಲಿಬಾಯ್ ಈಗ ಮುಚ್ಚಿದೆ, ರೆಡ್ ಸ್ಕಿನ್‌ಗೆ ಹೋಗಿ ಅಂತ.

ಆವಾಗ ಗೊತ್ತಾದದ್ದು. ಹದಿನೈದು ದ್ವೀಪದಲ್ಲಿ ನಮ್ಮಂಥವರು ಕಾಲಿಡಬಹುದಾದದ್ದು ಎರಡೇ, ಅದೂ ಸರದಿ ಮೇಲೆ. ಸುಮಾರಾಗಿ ನವೆಂಬರ್ ನಡುವಿನಿಂದ ಮೇ ನಡುವಿನವರೆಗೆ ಜಾಲಿಬಾಯ್. ಉಳಿದ ಆರು ತಿಂಗಳು ರೆಡ್ ಸ್ಕಿನ್. ಸೋಮವಾರ ಯಾವುದೂ ಇಲ್ಲ. ಹವಳ ನೋಡಲೆಂದೇ ಹೋಗುವವರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ, ಆದರೆ ನಮ್ಮ ಏಜೆಂಟ್‌ಗೆ ಮಾತ್ರ ಇದು ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು. ಅಲ್ಲಿಂದಲೇ ಫೋನ್ ಮಾಡಿದರೆ "ಎರಡೂ ಒಂದ ನೋಡ್ರಿ ಸರ, ದ್ವೀಪ ದ್ವೀಪನ" ಅಂದ.

ದೋಣಿ ಹತ್ತುವ ಮೊದಲು ಚೀಲ ತಪಾಸಣೆ. ಅಲ್ಲಿಗೆ ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ನೀರಿನ ಬಾಟಲಿ ಬೇಕಾದರೆ ಡಿಪಾಸಿಟ್ ಇಟ್ಟು ಅವರದ್ದೇ ಒಯ್ಯಬೇಕು. ಚಟ್ನಿಯ ಪ್ಲಾಸ್ಟಿಕ್ ಕವರ್ ಹೊರಗೆ ಬಂತು. ದ್ವೀಪದಲ್ಲಿ ಅಂಗಡಿ ಇಲ್ಲ, ಊಟ ಬಿಡುವ ಹಾಗಿಲ್ಲ. ಕೊನೆಗೆ ಹೆಂಡತಿ ಟವೆಲ್‌ನಲ್ಲಿ ರೊಟ್ಟಿ ಕಟ್ಟಿ, ಅದರ ಮೇಲೇ ಚಟ್ನಿ ಸುರಿದು ಗಂಟು ಹಾಕಿದಳು. ಹೊಲಕ್ಕೆ ಬುತ್ತಿ ಒಯ್ಯುವ ಹಾಗೆ. ತಪಾಸಣೆಯವರು ಇದಕ್ಕೆ ಏನೂ ಅನ್ನಲಿಲ್ಲ. ಸಮುದ್ರಕ್ಕೆ ಹೋಗುವಾಗ ಬುತ್ತಿ ಕಟ್ಟಿದ್ದು ನಮ್ಮ ಮನೆತನದಲ್ಲಿ ಅದೇ ಮೊದಲು ಇರಬೇಕು.

ರೆಡ್ ಸ್ಕಿನ್ ಕೆಟ್ಟ ಜಾಗ ಅಂತ ಹೇಳುತ್ತಿಲ್ಲ. ಮಳೆ ನಿಂತು ನಿಂತು ಬೀಳುತ್ತಿತ್ತು. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ನೀರಿನಲ್ಲಿ ಬೇರು ಊರಿ ನಿಂತಿದ್ದವು, ಅವುಗಳ ಹಸಿರು ನಮ್ಮ ಕಡೆಯ ಹಸಿರೇ ಅಲ್ಲ, ಕಪ್ಪಿಗೆ ಹತ್ತಿರದ ಹಸಿರು. ಆದರೆ ಗಾಜಿನ ತಳದ ದೋಣಿಯಲ್ಲಿ ಕೂತು ಕೆಳಗೆ ನೋಡಿದರೆ ಮಜ್ಜಿಗೆಗೆ ನೀರು ಬೆರೆಸಿದ ಹಾಗಿತ್ತು. ಅದರೊಳಗಿಂದ ಹವಳ ಬರುತ್ತಿತ್ತು, ಹೋಗುತ್ತಿತ್ತು. ಸಮುದ್ರ ಸೌತೆ ಅನ್ನುವ ಒಂದು ಪ್ರಾಣಿ ಚೆನ್ನಾಗಿ ಕಂಡಿತು, ಮಗ ಅದನ್ನ ಬದನೆಕಾಯಿ ಅಂದ. ಮಳೆ ಬಿದ್ದಾಗ ದ್ವೀಪಗಳ ಮಣ್ಣು ತೊಳೆದು ತೀರಕ್ಕೆ ಬರುತ್ತದೆ, ಅಲೆ ತಳದ ಮರಳನ್ನ ಎಬ್ಬಿಸುತ್ತದೆ. ನೀರು ತಿಳಿಯಾಗುವುದಕ್ಕೆ ಅದಕ್ಕೂ ದಿನ ಬೇಕು. ಅಷ್ಟರಲ್ಲಿ ಮತ್ತೆ ಮಳೆ.

ವಾಪಸ್ ಬಂದು ಹತ್ತು ದಿನ ಆಗಿತ್ತು. ಟಿವಿಯಲ್ಲಿ ದಾನಾ ಚಂಡಮಾರುತ. ಅದು ಮೊಳಕೆ ಒಡೆದದ್ದು ಉತ್ತರ ಅಂಡಮಾನ್ ಸಮುದ್ರದ ಕಡೆಯೇ, ಅಕ್ಟೋಬರ್ 24ರ ರಾತ್ರಿ ಒಡಿಶಾಕ್ಕೆ ಹೋಗಿ ಬಡಿಯಿತು. ಅಣ್ಣ ಟಿವಿ ನೋಡಿ ನನ್ನ ಕಡೆ ತಿರುಗಿ "ಚಿತ್ತಿ ಮಳಿಯೊಳಗ ಯಾರರ ಸಮುದ್ರಕ್ಕ ಹೋಗ್ತಾರೇನೋ ತಮ್ಮಾ?" ಅಂದ.

ಆ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಇವನಿಗೆ ಅಂಡಮಾನ್ ಗೊತ್ತಿಲ್ಲ, ಆದರೆ ಮಳೆಯ ಲೆಕ್ಕ ಗೊತ್ತಿದೆ. ಅದೇ ಲೆಕ್ಕದಲ್ಲಿ ಅಂಡಮಾನ್‌ನ ವರ್ಷವನ್ನ ಹಾಕಿ ನೋಡಿದರೆ ಹೇಗೆ ಅಂತ ಇಬ್ಬರೂ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತೆವು.

ಮಾನ್ಸೂನ್ ಭಾರತದಲ್ಲಿ ಮೊದಲು ಕಾಲಿಡುವುದೇ ಅಂಡಮಾನ್‌ನಲ್ಲಿ, ಮೇ 20ರ ಆಸುಪಾಸು. ನಮ್ಮ ಲೆಕ್ಕದಲ್ಲಿ ಅದು ಕೃತ್ತಿಕಾ ಮಳೆಯ ಕೊನೆ. ಕೇರಳಕ್ಕೆ ಜೂನ್ ಒಂದು, ನಮಗೆ ಮಿರಗ, ಅಂದರೆ ಮೃಗಶಿರಾ ಮಳೆ. ಆವತ್ತಿನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ. ವಂಡೂರ್ ಇರುವುದು ಪಶ್ಚಿಮದ ಬದಿಗೆ, ಅಲೆ ನೇರ ಮುಖಕ್ಕೇ ಬರುತ್ತದೆ. ಜಾಲಿಬಾಯ್ ಹೊರಗಿನ ಸಮುದ್ರಕ್ಕೆ ತೆರೆದುಕೊಂಡ ದ್ವೀಪ, ರೆಡ್ ಸ್ಕಿನ್ ಒಳಗಿನದು. ಸರದಿ ಯಾಕೆ ಅಂತ ಗಾಳಿಯ ದಿಕ್ಕು ನೋಡಿದರೇ ತಿಳಿಯುತ್ತದೆ. ಆಮೇಲೆ ನಮಗೆ ಹಿಂಗಾರಿ ಇದ್ದ ಹಾಗೆ ಅವರಿಗೂ ಹಿಂಗಾರಿ ಇದೆ. ಅಕ್ಟೋಬರ್‌ನಿಂದ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ, ಡಿಸೆಂಬರ್‌ವರೆಗೂ ಮಳೆ ಬರುತ್ತಿರುತ್ತದೆ. ಆವಾಗ ಪೂರ್ವದ ಬದಿ ಒರಟಾಗುತ್ತದೆ, ಪಶ್ಚಿಮದ ಬದಿಗೆ ದ್ವೀಪವೇ ಮರೆ. ಹಾಗಾಗಿ ನವೆಂಬರ್ ಕೊನೆಯಲ್ಲಿ ಪೂರ್ವದ ಬದಿಯ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗುವ ಹಡಗು ತೂಗಾಡುತ್ತಿದ್ದರೂ ವಂಡೂರ್‌ನಲ್ಲಿ ಸಮುದ್ರ ಸುಮ್ಮನಿರಬಹುದು. "ಅಂಡಮಾನ್‌ನಲ್ಲಿ ಸಮುದ್ರ ಹೇಗಿದೆ" ಅಂತ ಕೇಳುವುದಕ್ಕಿಂತ ಯಾವ ಬದಿಯದ್ದು ಅಂತ ಕೇಳಬೇಕು.

ಡಿಸೆಂಬರ್ ಅಂದರೆ ಜನಕ್ಕೆ ಬಹಳ ಇಷ್ಟ. ನನಗೆ ಇಲ್ಲ. ಕ್ರಿಸ್‌ಮಸ್ ವಾರದ ವಿಮಾನದ ದರ ನೋಡಿದರೆ ಒಂದು ಎಕರೆ ತೋಟಕ್ಕೆ ಗೊಬ್ಬರ ಹಾಕಬಹುದು ಅನಿಸುತ್ತದೆ. ಅದೂ ಅಲ್ಲದೆ ಚಂಡಮಾರುತದ ಭಯ ಆಗಿನ್ನೂ ಪೂರ್ತಿ ಹೋಗಿರುವುದಿಲ್ಲ. 2016ರ ಡಿಸೆಂಬರ್ ಮೊದಲ ವಾರ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ 1,400ರಷ್ಟು ಪ್ರವಾಸಿಗರು ಸಿಕ್ಕಿಹಾಕಿಕೊಂಡು ನೌಕಾಪಡೆ ಬಂದು ಕರೆತರಬೇಕಾಯ್ತು. ಅದೇ ಆಮೇಲೆ ವಾರ್ದಾ ಆಗಿ ಚೆನ್ನೈಗೆ ಹೊಡೆಯಿತು.

ಏಪ್ರಿಲ್? ಸಮುದ್ರ ಕೊಳದ ಹಾಗಿರುತ್ತದೆ, ನಿಜ. ಆದರೆ ನೀರು ಕಾದಿರುತ್ತದೆ. ಹವಳ ಅಂದರೆ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ, ಬಣ್ಣ ಬಹುಪಾಲು ಅದರದ್ದು, ಅನ್ನವೂ ಬಹುಪಾಲು ಅದೇ ಕೊಡುವುದು. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಜಾಸ್ತಿ ಆಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನ ಹೊರಗೆ ಹಾಕಿಬಿಡುತ್ತದೆ. ಬಿಳಿಚಿಕೊಳ್ಳುತ್ತದೆ. ಬೇಗ ನೀರು ತಣ್ಣಗಾದರೆ ಬದುಕುತ್ತದೆ, ಇಲ್ಲದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನ್‌ನಲ್ಲಿ ಇದು ಬಹಳ ಜೋರಾಗಿ ಆಯ್ತು, 2016ರಲ್ಲಿ ಮತ್ತೆ. ಇದನ್ನ ಹೇಳಿದಾಗ ಅಣ್ಣ "ಎಲಿ ಹಳದಿ ಆದಂಗ" ಅಂದ. ಹೂಂ, ಹಾಗೇ.

ಉಳಿದದ್ದು ಜನವರಿ ಕೊನೆಯಿಂದ ಮಾರ್ಚ್. ಫೆಬ್ರವರಿ ಮತ್ತು ಮಾರ್ಚ್ ಅಲ್ಲಿ ವರ್ಷದಲ್ಲೇ ಕಡಿಮೆ ಮಳೆಯ ತಿಂಗಳು. ಗಾಳಿ ಬಿದ್ದಿರುತ್ತದೆ, ನೀರು ತಿಳಿ.

ಇದರ ಮೇಲೆ ಇನ್ನೊಂದು ಲೆಕ್ಕ ಇದೆ, ಅದನ್ನ ಯಾವ ಟ್ರಾವೆಲ್ ಏಜೆಂಟೂ ಹೇಳುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರದ ಉಬ್ಬರ ಜಾಸ್ತಿ, ಅಲ್ಲಿ ಎರಡು ಮೀಟರ್ ಹತ್ತಿರ ನೀರು ಏರಿ ಇಳಿಯುತ್ತದೆ. ಅಷ್ಟು ನೀರು ದ್ವೀಪಗಳ ಸಂದಿಯಲ್ಲಿ ನುಗ್ಗಿ ಓಡುವಾಗ ಮರಳು ಏಳುತ್ತದೆ, ಸೆಳೆತವೂ ಇರುತ್ತದೆ. ಅಷ್ಟಮಿ ಹೊತ್ತಿಗೆ ಉಬ್ಬರ ಇಳಿತ ಎರಡೂ ಕಡಿಮೆ. ಅಂದರೆ ಹವಳ ನೋಡಲು ಅಷ್ಟಮಿ ಚಲೋ. ಇಷ್ಟು ವರ್ಷ ಆ ಕ್ಯಾಲೆಂಡರ್‌ನಲ್ಲಿ ನಾವು ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ ನೋಡಿದ್ದೆವು. ಅಷ್ಟಮಿಗೆ ಅಣ್ಣ ನೀಲಿ ಪೆನ್ನಿನಲ್ಲಿ ಗುಂಡು ಹಾಕಿದ್ದು ಅದೇ ಮೊದಲು.

ಬೇಗ ಚಾಟ್ನಿ ಮಾಡಿದ್ದಕ್ಕೆ ಹಣ್ಣು ಫೆಬ್ರವರಿ ಮೊದಲ ವಾರಕ್ಕೇ ಇಳಿಯಿತು. ಶೆಡ್‌ನಲ್ಲಿ ಹದಿನೈದು ದಿನ ಮೇಲೆ ಒಣಗಲು. ಮಾರ್ಚ್ ಹತ್ತಿರ ಬಂದಾಗ ತೋಟ ಖಾಲಿ. ಏಪ್ರಿಲ್ ಚಾಟ್ನಿವರೆಗೆ ಬಳ್ಳಿಗೆ ವಿಶ್ರಾಂತಿ, ಅಣ್ಣನಿಗೂ. ಮಕ್ಕಳಿಗೆ ಪರೀಕ್ಷೆ ಹತ್ತಿರ, ಹೆಂಡತಿ "ನೀವಿಬ್ರೂ ಹೋಗಿ ಬರ್ರಿ, ನಿಮ್ಮ ಅಣ್ಣಾರು ಎಲ್ಲೂ ಹೋಗಿಲ್ಲ" ಅಂದಳು. ಹೋಳಿ ಹುಣ್ಣಿಮೆಗೆ ಒಂದು ವಾರ ಮುಂಚೆ, ಅಷ್ಟಮಿಯ ದಿನ, ನಾನು ಮತ್ತು ಅಣ್ಣ ವಂಡೂರ್ ಜೆಟ್ಟಿಯಲ್ಲಿದ್ದೆವು. ಈ ಸಲ ಸ್ಟೀಲ್ ಡಬ್ಬಿ. ರೊಟ್ಟಿ ನಾಲ್ಕನೇ ದಿನವೂ ಮಡಚಲಿಲ್ಲ, ಬಾಗಿ ಆಮೇಲೆ ಮುರಿಯಿತು.

ಜಾಲಿಬಾಯ್‌ಗೆ ದೋಣಿಯಲ್ಲಿ ಒಂದು ತಾಸಿನ ಮೇಲೆ. ಅಣ್ಣ ಪಂಚೆ ಎತ್ತಿಕಟ್ಟಿ ಮುಂದೆ ಕೂತಿದ್ದ, ಒಂದೂ ಮಾತಿಲ್ಲ. ಗಾಜಿನ ತಳದ ದೋಣಿಗೆ ದಾಟಿದ ಮೇಲೂ ಮಾತಿಲ್ಲ. ನೀರು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಹೂಕೋಸಿನಂಥ ಹವಳ, ಜಿಂಕೆಯ ಕೊಂಬಿನಂಥದು, ಮೆದುಳಿನ ಸುರುಳಿಯಂಥದು, ನಡುವೆ ಒಂದು ದೊಡ್ಡ ಕಪ್ಪೆಚಿಪ್ಪು ನೀಲಿ ತುಟಿ ತೆರೆದುಕೊಂಡು ಕೂತಿತ್ತು, ದೋಣಿಯ ನೆರಳು ಬಿದ್ದ ಕೂಡಲೇ ಅರ್ಧ ಮುಚ್ಚಿತು. ಅಣ್ಣ ಗಾಜಿನ ಮೇಲೆ ಕೈ ಇಟ್ಟ. ಅದು ಇನ್ನೂ ಸ್ವಲ್ಪ ಮುಚ್ಚಿತು ಅಂತ ಅವನು ಇವತ್ತಿಗೂ ವಾದ ಮಾಡ್ತಾನೆ.

ಒಂದು ಕಡೆ ಮಾತ್ರ ಬರೀ ಮುರಿದ ಬಿಳಿ ತುಂಡುಗಳ ರಾಶಿ. ಸತ್ತ ಹವಳ. ದೋಣಿಯವನು ಅಲ್ಲಿ ನಿಲ್ಲಿಸದೆ ಬೇಗ ಮುಂದೆ ಹೋದ. ದಡಕ್ಕೆ ಬಂದ ಮೇಲೆ ಆರು ತಿಂಗಳು ಈ ದ್ವೀಪ ಯಾಕೆ ಮುಚ್ಚುತ್ತಾರೆ ಅಂತ ನಾನು ಇನ್ನೊಮ್ಮೆ ಶುರು ಮಾಡಿದೆ, ಅಲೆ, ಗಾಳಿ ಅಂತೆಲ್ಲ. ಅಣ್ಣ ತಡೆದ. "ಗೊತ್ತಾತು ಬಿಡು. ವಿಶ್ರಾಂತಿ ಬಿಡದ ಇದ್ರ ಬಳ್ಳಿ ಮರುವರ್ಷ ಕೊಡೂದಿಲ್ಲ."

ನನ್ನನ್ನ ಕೇಳಿದರೆ ಹವಳಕ್ಕೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ, ಅಷ್ಟಮಿಯ ಹಿಂದೆ ಮುಂದೆ ಎರಡು ದಿನ, ಸೋಮವಾರ ಬಿಟ್ಟು. ರಾತ್ರಿ ಸಮುದ್ರ ಮಿನುಗುವುದನ್ನ ನೋಡಬೇಕು ಅನ್ನುವವರು ಅಮಾವಾಸ್ಯೆಗೆ ಹೋಗಬೇಕು, ಎರಡೂ ಬೇಕು ಅಂದರೆ ಒಂದು ವಾರ ಅಲ್ಲೇ ಕೂರಬೇಕು. ಮಕ್ಕಳ ಶಾಲೆ ಇದ್ದವರಿಗೆ ಏಪ್ರಿಲ್ ಎರಡನೇ ವಾರ ತಪ್ಪೇನಲ್ಲ. ದಸರಾಕ್ಕೆ ಹೋದರೆ ರೆಡ್ ಸ್ಕಿನ್ ಅಂತ ತಿಳಿದೇ ಹೋಗಿ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾವು ವಾಪಸ್ ಬಂದ ರಾತ್ರಿ ಅವ್ವ ಕಟ್ಟೆಯ ಮೇಲೆ ಕೂತು ಕೇಳಿದಳು.

"ಮಳಿ ಬಂತೇನು ಅಲ್ಲಿ?"

"ಒಂದು ಹನಿನೂ ಬರಲಿಲ್ಲವ್ವ. ಅದಕ್ಕ ಹೋಗಿದ್ದು."

"ಮಳಿ ಬೀಳೂ ಊರಿಗಿ ಹೋಗಿ ಮಳಿ ನೋಡದ ಬಂದೀರಿ?"

ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವ್ವ 72ರ ಬರ ಕಂಡವಳು. ಆಗ ಸಣ್ಣ ಹುಡುಗಿ, ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಕಡೆ ತನ್ನ ಅವ್ವನ ಸೆರಗು ಹಿಡಿದು ಹೋಗುತ್ತಿದ್ದಳಂತೆ. ತಿಂಗಳುಗಟ್ಟಲೆ ಮೋಡ ನೋಡಿದವಳಿಗೆ ಹವಳ ಏನು? ನಾನು ಮಾನ್ಸೂನ್ ದಾರಿ ಹೇಳಿದೆ, ಮೊದಲು ಅಂಡಮಾನ್, ಆಮೇಲೆ ಕೇರಳ, ಆಮೇಲೆ ನಾವು ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಹಂಗಾರ ಅಲ್ಲಿ ಬಿದ್ದ ಮಳಿನ ಇಲ್ಲಿಗಿ ಬರತೈತೇನು?"

ಪೂರ್ತಿ ಹಾಗಲ್ಲ, ಆದರೆ ಹೂಂ ಅಂದೆ.

ಈಗ ಮನೆಯಲ್ಲಿ ಹೊಸ ಲೆಕ್ಕ ನಡೆದಿದೆ. ಮುಂದಿನ ಮೇ ಹದಿನೆಂಟಕ್ಕೆ ಹೋಗಿ ಇಪ್ಪತ್ತೈದಕ್ಕೆ ಬರುವುದು. ಮಕ್ಕಳಿಗೆ ರಜೆ ಇರುತ್ತದೆ. ಅಣ್ಣ ಬರಲ್ಲ, ಅವನಿಗೆ ಆವಾಗ ಸಬ್‌ಕೇನ್, ಅಂದರೆ ಬಳ್ಳಿಯ ಹೊಸ ಚಿಗುರು ಚಿವುಟುವ ಕೆಲಸ. ಮಳೆ ಅಲ್ಲಿ ಕಾಲಿಡುವುದನ್ನ ಅವ್ವ ನೋಡಬೇಕು, ಅದು ಇಲ್ಲಿಗೆ ಬರುವಷ್ಟರಲ್ಲಿ ತಾನು ಮನೆಯಲ್ಲಿರಬೇಕು, ಮಿರಗಕ್ಕೆ ಬಿತ್ತನೆ ಇದೆ. ಆವಾಗ ಜಾಲಿಬಾಯ್ ಮುಚ್ಚಿರುತ್ತದೆ, ಗಾಳಿ ಎದ್ದರೆ ದೋಣಿಯನ್ನೂ ಬಿಡದೇ ಇರಬಹುದು, ನೀರಿನೊಳಗೆ ಏನೂ ಕಾಣುವುದಿಲ್ಲ ಅಂತ ಎಲ್ಲ ಬಿಡಿಸಿ ಹೇಳಿದೆ.

"ಮುಚ್ಚಲಿ ಬಿಡು" ಅಂದಳು ಅವ್ವ. "ಜಾಲಿ ಬಾವಿ ನಮ್ಮ ಹೊಲದಾಗ ಐತಿ."